ಮಾರ್ಫಿನ್ ಕೊಡಲು ನರ್ಸ್‌ಗಳು ಹೆದರಿದರೆ
ಚಾರ್ಟಿನಲ್ಲಿ ಬರೆದಿರುವ ಮಾರ್ಫಿನ್ (ತೀವ್ರ ನೋವಿಗೆ ಕೊಡುವ ಔಷಧ) ಕೊಡಲೂ ವಾರ್ಡಿನ ನರ್ಸ್‌ಗಳು ಹೆದರುತ್ತಾರೆ, ತರಬೇತಿ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಲೆಕ್ಕದಿಂದಲೇ ಶುರು ಮಾಡಿ. 4 ಗಂಟೆಗೊಮ್ಮೆ 10 ಮಿಲಿಗ್ರಾಂ ಮಾತ್ರೆ ಎಂದರೆ ದಿನಕ್ಕೆ 60. ನಡುವೆ ನೋವು ಏರಿದರೆ ಕೊಡುವ ಹೆಚ್ಚುವರಿ ಡೋಸ್ ಸಾಮಾನ್ಯವಾಗಿ ಆ ದಿನದ ಒಟ್ಟು ಡೋಸಿನ ಆರನೇ ಒಂದು ಭಾಗ, ಅಂದರೆ 10. ಅದೂ ಬೇಗ ಕೆಲಸ ಮಾಡುವ ಮಾತ್ರೆಯೇ ಆಗಬೇಕು. ಒಂದು ಗಂಟೆಯ ನಂತರ ನೋವಿನ ಅಂಕ (ನೋವು ಎಷ್ಟಿದೆ ಎಂದು ರೋಗಿ ಹೇಳುವ ಸಂಖ್ಯೆ) ಮತ್ತೆ ಕೇಳಿ ಬರೆಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿ: ಔಷಧ ಕೊಟ್ಟದ್ದು ದಾಖಲಾಗುತ್ತದೆ, ನೋವು ಇಳಿಯಿತೇ ಎಂಬುದು ಆಗುವುದಿಲ್ಲ. ಆಗ ಮರುದಿನ ಡೋಸ್ ಹೊಂದಿಸಲು ವೈದ್ಯರಿಗೆ ಆಧಾರವೇ ಇರುವುದಿಲ್ಲ.

ಉಸಿರು ನಿಂತೀತೆಂಬುದೇ ಭಯದ ಮೂಲ. ನೋವಿಗೆ ತಕ್ಕಂತೆ ಹಂತಹಂತವಾಗಿ ಏರಿಸಿದಾಗ ಅದು ಅಪರೂಪ. ಮೊದಲು ಮಂಪರು ಹೆಚ್ಚುತ್ತದೆ. ಎಬ್ಬಿಸಿದರೂ ಏಳದೆ, ಪಾಪೆ ಸೂಜಿಮೊನೆಯಷ್ಟಾಗಿ, ಉಸಿರು ನಿಮಿಷಕ್ಕೆ 8ಕ್ಕಿಂತ ಕೆಳಗಿಳಿದರೆ ಮುಂದಿನ ಡೋಸ್ ತಡೆದು ತಕ್ಷಣ ವೈದ್ಯರನ್ನು ಕರೆಯಬೇಕು. ಮೂತ್ರಪಿಂಡ ಸೋತವರಲ್ಲಿ ಔಷಧದ ಅಂಶ ದೇಹದಲ್ಲೇ ಉಳಿಯುತ್ತದೆ, ಕೈಕಾಲು ಫಕ್ಕನೆ ಜಗ್ಗುವುದು ಅದರ ಸೂಚನೆ. ಆದರೆ ಸಾವಿಗೆ ಮುಂಚಿನ ಕೊನೆಯ ಗಂಟೆಗಳಲ್ಲಿ ಉಸಿರು ತಾನಾಗಿಯೇ ಬಿಟ್ಟುಬಿಟ್ಟು ಬರುತ್ತದೆ. ಈ ವ್ಯತ್ಯಾಸವನ್ನು ಹಾಸಿಗೆಯ ಪಕ್ಕದಲ್ಲೇ ನಿಂತು ತೋರಿಸಿ, ದಯವಿಟ್ಟು. ಗೊತ್ತಿಲ್ಲದೆ ಔಷಧ ನಿಲ್ಲಿಸಿದರೆ ರೋಗಿ ನೋವಿನಲ್ಲೇ ಹೋಗುತ್ತಾರೆ.

ಮಾರ್ಫಿನ್‌ನಿಂದಾಗುವ ಮಲಬದ್ಧತೆಗೆ ಔಷಧ ಮೊದಲ ದಿನದಿಂದಲೇ ಚಾರ್ಟಿನಲ್ಲಿರಲಿ. ವಾಕರಿಕೆ ಕೆಲವು ದಿನಗಳಲ್ಲಿ ಇಳಿಯುತ್ತದೆ, ಮಲಬದ್ಧತೆ ಇಳಿಯುವುದಿಲ್ಲ.