ಎಕ್ಸ್ ಇಂಟರ್ಸೆಪ್ಟ್ ಬೇಕು ಅಂದರೆ ವೈ ಯಾಕೆ ಸೊನ್ನೆ?

ನೀವು ಕೇಳಿದ್ದು: 2ಎಕ್ಸ್ − 5ವೈ = 20 ರೇಖೆಯ ಇಂಟರ್ಸೆಪ್ಟ್ (ರೇಖೆ ಎಕ್ಸ್ ಅಥವಾ ವೈ ಅಕ್ಷವನ್ನು ಕಡಿಯುವ ಜಾಗ) ಕಂಡುಹಿಡಿಯುವುದು ಹೇಗೆ, ಎಕ್ಸ್ ಇಂಟರ್ಸೆಪ್ಟ್ ಬೇಕಾದಾಗ ಎಕ್ಸ್ ಬಿಟ್ಟು ವೈಯನ್ನು ಸೊನ್ನೆ ಮಾಡುವುದು ಯಾಕೆ ಅಂತ. ಮನೆಯಲ್ಲಿ ಹತ್ತನೇ ಕ್ಲಾಸಿನವರಿಗೆ ಲೆಕ್ಕ ಹೇಳಿಕೊಡುತ್ತೇನೆ. ಪ್ರತಿ ವರ್ಷ ಒಬ್ಬರಾದರೂ ಇದನ್ನು ಉಲ್ಟಾ ಮಾಡಿಯೇ ಮಾಡುತ್ತಾರೆ.

ಒಂದು ಟೀ ಅಂಗಡಿ ಅಂದುಕೊಳ್ಳಿ. ಟೀ 12 ರೂಪಾಯಿ, ವಡೆ 20 ರೂಪಾಯಿ, ನಿಮ್ಮ ಜೇಬಿನಲ್ಲಿ 120 ರೂಪಾಯಿ. ಎಕ್ಸ್ ಟೀ, ವೈ ವಡೆ ತಗೊಂಡು ಅಷ್ಟೂ ದುಡ್ಡು ಖಾಲಿ ಮಾಡಿದರೆ 12ಎಕ್ಸ್ + 20ವೈ = 120. ಟೀ ಲೆಕ್ಕ ಅಡ್ಡಕ್ಕೆ, ವಡೆ ಲೆಕ್ಕ ಮೇಲಕ್ಕೆ ಇಟ್ಟು ಗ್ರಾಫ್ ಹಾಕಿ. ಪೂರ್ತಿ ದುಡ್ಡಿಗೂ ಬರೀ ಟೀ ಕುಡಿದರೆ? ಹತ್ತು ಟೀ, ವಡೆ ಒಂದೂ ಇಲ್ಲ. ಅಂದರೆ (10, 0). ವಡೆ ಇಲ್ಲದ್ದರಿಂದ ಮೇಲಕ್ಕೆ ಹೋಗುವ ಮಾತೇ ಇಲ್ಲ, ಚುಕ್ಕಿ ಎಕ್ಸ್ ಅಕ್ಷದ ಮೇಲೇ ಬೀಳುತ್ತದೆ. ಬರೀ ವಡೆ ಆದರೆ ಆರು: (0, 6). ಎಕ್ಸ್ ಅಕ್ಷದ ಮೇಲೆ ನಿಂತ ಯಾವ ಚುಕ್ಕಿಗೂ ವೈ ಸೊನ್ನೆಯೇ. ಅದಕ್ಕೇ ಅಲ್ಲಿ ವೈಯನ್ನು ಸೊನ್ನೆ ಮಾಡುವುದು.

ಈಗ ನಿಮ್ಮ ಲೆಕ್ಕ. ವೈ ಸೊನ್ನೆ ಆದರೆ −5ವೈ ಕೂಡ ಸೊನ್ನೆ, ಹಾಗಾಗಿ ಅದರ ಮೇಲೆ ಹೆಬ್ಬೆರಳು ಇಡಿ. ಉಳಿದದ್ದು 2ಎಕ್ಸ್ = 20, ಎಕ್ಸ್ 10 ಆಯಿತು. ಆಮೇಲೆ 2ಎಕ್ಸ್ ಮುಚ್ಚಿ. ಉಳಿದದ್ದು −5ವೈ = 20, ವೈ −4. ಬಿಂದುಗಳು (10, 0) ಮತ್ತು (0, −4). ಅರ್ಧ ಜನ ಎಡವುವುದು ಈ ಎರಡನೇ ಕಡೆ. ಬೆರಳು ಜರುಗಿ ಮೈನಸ್ ಕೂಡ ಮುಚ್ಚಿಹೋಗುತ್ತದೆ, ಉತ್ತರ 4 ಅಂತ ಬರೆಯುತ್ತಾರೆ. ರೇಖೆ ಕೆಳಗೆ ಕಡಿಯುವ ಬದಲು ಮೇಲೆ ಕಡಿಯುತ್ತದೆ. ಸುಮ್ನೆ ಒಮ್ಮೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ: ವೈ 4 ಹಾಕಿದರೆ −20 ಬರುತ್ತದೆ, ನಮಗೆ ಬೇಕಾದದ್ದು 20.

ಸಮೀಕರಣವನ್ನೇ ವೈ = (2/5)ಎಕ್ಸ್ − 4 ಅಂತ ಕೊಟ್ಟಿದ್ದರೆ ವೈ ಇಂಟರ್ಸೆಪ್ಟ್ ಕಣ್ಣೆದುರೇ ಇದೆ, ಕೊನೆಯ −4. ಎಕ್ಸ್‌ಗೆ ಮಾತ್ರ ಲೆಕ್ಕ ಮಾಡಿದರಾಯಿತು.

ಕೆಲವು ರೇಖೆಗಳು ಸತಾಯಿಸುತ್ತವೆ. 3ಎಕ್ಸ್ = 2ವೈ ಅಂತ ಕೊಟ್ಟರೆ ಎರಡೂ ಇಂಟರ್ಸೆಪ್ಟ್ ಸೊನ್ನೆ. ರೇಖೆ ಮೂಲಬಿಂದುವಿನ, ಅಂದರೆ (0, 0)ಯ ಮೂಲಕವೇ ಹೋಗುತ್ತದೆ. ಒಂದೇ ಚುಕ್ಕಿಯಿಂದ ಗೆರೆ ಎಳೆಯಲಾಗುವುದಿಲ್ಲವಲ್ಲ, ಹಾಗಾಗಿ (2, 3) ಥರ ಇನ್ನೊಂದು ಬೇಕು. ವೈ = 5 ಅಂದರೆ ಮಲಗಿದ ಗೆರೆ. ಅಲ್ಲಿ ವೈ ಸೊನ್ನೆ ಹಾಕಿದರೆ 0 = 5 ಬರುತ್ತದೆ. ತಪ್ಪು ಮಾಡಿದೆ ಅಂತ ಹೆದರಬೇಡಿ, ಅದು ಎಕ್ಸ್ ಅಕ್ಷವನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ಮಾತು. ಗ್ರಾಫ್ ಎಳೆಯುವುದಕ್ಕಷ್ಟೇ ಬಿಂದು ಬೇಕಿದ್ದರೆ ಇಂಟರ್ಸೆಪ್ಟೇ ಆಗಬೇಕು ಅಂತೇನಿಲ್ಲ. 3ಎಕ್ಸ್ + 2ವೈ = 7ಕ್ಕೆ ಎಕ್ಸ್ ಇಂಟರ್ಸೆಪ್ಟ್ 7/3. ಅದನ್ನು ಗ್ರಾಫ್ ಹಾಳೆಯಲ್ಲಿ ಸರಿಯಾಗಿ ಗುರುತಿಸುವುದು ತಲೆನೋವು. ನಾನಾದರೆ (1, 2), (3, −1) ತಗೊಂಡು ಸ್ಕೇಲ್ ಇಟ್ಟುಬಿಡುತ್ತೇನೆ.