ಪ್ರತಿ: ನಂದಿ ಹಾಲ್ಟ್ ರೈಲು ನಿಲ್ದಾಣದ ಹಳೇ ಕಟ್ಟಡ ಎಂದಿನದು? ಗೋಡೆಗೆ ಸಿಮೆಂಟ್ ಹಾಕಬಹುದಾ?

ಈಗಿನ ಬ್ರಾಡ್‌ಗೇಜ್ (ಅಗಲ ಹಳಿ) ಕಾಲದ್ದಲ್ಲ ಸರ್. 1915ರಲ್ಲಿ ಶುರುವಾದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆಯದು. ಆಗ ಹಳಿಗಳ ನಡುವೆ ಬರೀ 762 ಮಿ.ಮೀ. ಅಂತರ, ಈಗ 1,676. ದೊಡ್ಡಜಾಲ, ಆವತಿಹಳ್ಳಿಯ ಹಳೇ ನಿಲ್ದಾಣಗಳೂ ಇದೇ ಮಾರ್ಗದವು. ದಾಖಲೆ ಬೇಕಿದ್ದರೆ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ವಾರ್ಷಿಕ ಆಡಳಿತ ವರದಿಗಳನ್ನು ಕೇಳಿ.

ಸಿಮೆಂಟ್ ಮಾತ್ರ ಬೇಡವೇ ಬೇಡ. ಹಾಕಿದರೆ ಸುಣ್ಣದ ಗಾರೆ ಗೋಡೆಯ ತೇವ ಹೊರಬರಲು ದಾರಿ ಸಿಗದೆ ಉಪ್ಪು ಕಟ್ಟಿ, ಪ್ಲಾಸ್ಟರ್ ಚಕ್ಕೆಚಕ್ಕೆಯಾಗಿ ಉದುರುತ್ತೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಕು, ಒಂದು ವಾರ ಒದ್ದೆ ಗೋಣಿ ಹೊದಿಸಿ. ಅದಕ್ಕೂ ಮೊದಲು ಒಡೆದ ಹೆಂಚು ಬದಲಿಸಿ. ಒಂದೇ ಹೆಂಚು ಸೋರಿದರೂ ಕೆಳಗಿನ ರೀಪರು (ಹೆಂಚು ಕೂರುವ ಮರದ ಪಟ್ಟಿ) ಕೊಳೆತು ಇಡೀ ಸಾಲು ಜಾರುತ್ತೆ. ಜಾಗ ರೈಲ್ವೆಯದು, ಲಿಖಿತ ಒಪ್ಪಿಗೆ ಇಲ್ಲದೆ ಕರಣೆ ಮುಟ್ಟಬೇಡಿ.