ಮಕ್ಕಳು ಸ್ವಲ್ಪ ಹೊತ್ತು ಸಿಕ್ಕಿಹಾಕಿಕೊಳ್ಳಲಿ ಬಿಡಿ

ಸಂಪಾದಕರೇ,

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾ ಹದಿನೆಂಟು ವರ್ಷವಾಯಿತು. ಈಗ ಎಲ್ಲರೂ ‘ಒಗಟು ಕೊಡಿ, ಕಂಪ್ಯೂಟರಿನಲ್ಲಿ ತೋರಿಸಿ’ ಅನ್ನುತ್ತಾರೆ. ಕೊಟ್ಟೆ, ತೋರಿಸಿದೆ. ಪರದೆಯ ಮೇಲೆ ಬಿಂದುಗಳನ್ನು ಎಳೆದಾಡುವಾಗ ತರಗತಿಯೆಲ್ಲ ಖುಷಿ. ‘ಇದು ಯಾಕೆ ಯಾವಾಗಲೂ ನಿಜ, ಸಾಧಿಸಿ’ ಅಂದ ಕೂಡಲೇ ಹಾಳೆ ಖಾಲಿ. ಒಗಟು ಕೊಟ್ಟರೆ ಇಬ್ಬರು ಬಿಡಿಸುತ್ತಾರೆ, ಉಳಿದವರು ಆ ಇಬ್ಬರ ಮುಖ ನೋಡುತ್ತಾರೆ. ನನಗೆ ಮುಗಿಸಬೇಕಾದ ಪಾಠಗಳಿವೆ. ಅದರ ಬದಲು ನಾಲ್ಕು ಲೆಕ್ಕ ಜಾಸ್ತಿ ಮಾಡಿಸಿದರೆ ಆಗುವುದಿಲ್ಲವೇ? ಆಟದ ಹೊತ್ತಿಗೆ ಆಟ, ಪಾಠದ ಹೊತ್ತಿಗೆ ಪಾಠ ಅಂತ ಹಿರಿಯರು ಸುಮ್ನೆ ಹೇಳಿದರೇ?

– ಒಬ್ಬ ಗಣಿತ ಶಿಕ್ಷಕಿ

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಗಟು, ಕಂಪ್ಯೂಟರ್ ಎರಡನ್ನೂ ಬಯ್ಯುವ ಪತ್ರಗಳು ನನಗೆ ಬೇಕಾದಷ್ಟು ಬರುತ್ತವೆ. ಬರೆದವರಲ್ಲಿ ಹೆಚ್ಚಿನವರು ಎರಡನ್ನೂ ಮುಟ್ಟಿ ನೋಡಿರುವುದಿಲ್ಲ. ನೀವು ಮಾಡಿ ನೋಡಿ, ಸೋತು, ಆಮೇಲೆ ಬರೆದಿದ್ದೀರಿ. ಅದಕ್ಕೇ ಈ ಉತ್ತರ ಇಷ್ಟು ಉದ್ದ. ನಡುವೆ ಸ್ವಲ್ಪ ಬಯ್ಗುಳವೂ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಿಮಗೆ ಸಲ್ಲಬೇಕಾದ್ದು ಸಲ್ಲಲಿ. ಅಭ್ಯಾಸ ಬೇಕು. ಮಗ್ಗಿ ಬಾರದ ಹುಡುಗ ಅಪವರ್ತನದಲ್ಲಿ ಒದ್ದಾಡುತ್ತಾನೆ. ಋಣ ಚಿಹ್ನೆ ಬೀಳಿಸಿಕೊಂಡು ಹೋಗುವ ಹುಡುಗಿ ಯಾವ ಸಮೀಕರಣವನ್ನೂ ದಡ ಮುಟ್ಟಿಸಲಾರಳು. ಒಪ್ಪಿದೆ. ಇನ್ನು ನನ್ನ ಸರದಿ.

ಒಂಬತ್ತನೇ ತರಗತಿಯಲ್ಲಿ ನಾನು ಪ್ರಮೇಯಗಳನ್ನು ಉರು ಹೊಡೆದಿದ್ದೆ. ಸಾಧನೆಯ ಒಂದೊಂದು ಸಾಲೂ ಪದ್ಯದ ಹಾಗೆ ಬಾಯಿಗೆ ಬರುತ್ತಿತ್ತು. ತ್ರಿಭುಜ ಎಬಿಸಿ. ಎ ಮೇಲೆ, ಬಿ ಎಡಕ್ಕೆ, ಸಿ ಬಲಕ್ಕೆ. ಪರೀಕ್ಷೆಯಲ್ಲಿ ಯಾರೋ ಪುಣ್ಯಾತ್ಮರು ಅದೇ ತ್ರಿಭುಜವನ್ನು ತಲೆಕೆಳಗು ಮಾಡಿ, ಪಿಕ್ಯೂಆರ್ ಅಂತ ಹೆಸರಿಟ್ಟಿದ್ದರು. ನಾನು ಪ್ರಶ್ನೆಪತ್ರಿಕೆಯನ್ನೇ ತಿರುಗಿಸಿ ಹಿಡಿದೆ. ಆಕೃತಿ ನೆಟ್ಟಗಾಯಿತು, ಅಕ್ಷರಗಳು ಉಲ್ಟಾ ಆದವು. ಕಾವಲಿಗಿದ್ದ ಮೇಷ್ಟ್ರು ಇವನೇನೋ ಕಾಪಿ ಹೊಡೆಯುತ್ತಿದ್ದಾನೆ ಅಂತ ಬಂದು ಪಕ್ಕದಲ್ಲೇ ನಿಂತರು. ಆ ಪ್ರಶ್ನೆಗೆ ಸೊನ್ನೆ ಬಂತು. ಸೊನ್ನೆಯ ಬೇಸರ ಬೇಗ ಹೋಯಿತು. ಆದರೆ ಅಲ್ಲಿಯವರೆಗೆ ಆ ಪ್ರಮೇಯ ನನಗೆ ಗೊತ್ತು ಅಂತಲೇ ನಾನೂ ನಂಬಿದ್ದೆ, ನಮ್ಮ ಮೇಷ್ಟ್ರೂ ನಂಬಿದ್ದರು. ಅದು ಮಾತ್ರ ಇನ್ನೂ ಚುಚ್ಚುತ್ತದೆ.

ಗಣಿತ ಶಿಕ್ಷಣದ ಬಗ್ಗೆ ಓದುವವರಿಗೆ ಬೆನ್ನಿ ಗೊತ್ತಿರುತ್ತಾನೆ. ಅಮೆರಿಕದ 12 ವರ್ಷದ ಹುಡುಗ. ಅವನ ಬಗ್ಗೆ 1973ರಲ್ಲಿ ಬರೆದವರು ಸ್ಟ್ಯಾನ್ಲಿ ಎರ್ಲ್‌ವಾಂಗರ್ ಎಂಬ ಸಂಶೋಧಕರು. ಆ ಶಾಲೆಯಲ್ಲಿ ಪ್ರತಿ ಮಗುವೂ ತನ್ನ ಪಾಡಿಗೆ ಲೆಕ್ಕದ ಹಾಳೆ ತುಂಬಬೇಕು, ಉತ್ತರ ತಾಳೆ ನೋಡಬೇಕು, ಮುಂದಿನ ಹಾಳೆಗೆ ಹೋಗಬೇಕು. ಬೆನ್ನಿ ಚೆನ್ನಾಗಿ ಮುಂದೆ ಹೋಗುತ್ತಿದ್ದ ಹುಡುಗ. ಕೂರಿಸಿಕೊಂಡು ಮಾತಾಡಿಸಿದಾಗ ನಿಜ ಹೊರಬಿತ್ತು. 2/10 ಅನ್ನು ದಶಮಾಂಶದಲ್ಲಿ ಬರೆ ಅಂದರೆ ಅವನು 1.2 ಅಂದ. 5/10 ಅಂದರೆ 1.5. ಮೇಲಿನದನ್ನೂ ಕೆಳಗಿನದನ್ನೂ ಕೂಡಿಸು, ನಡುವೆ ಒಂದು ಚುಕ್ಕಿ ಇಡು. ಇಂಥ ನಿಯಮಗಳನ್ನು ಅವನೇ ರಾಶಿ ರಾಶಿ ಮಾಡಿಕೊಂಡಿದ್ದ. ಯಾವ ನಿಯಮ ಯಾವಾಗ ತಾಳೆಯಾಗುತ್ತದೆ ಎಂದು ಊಹಿಸುವುದೇ ಅವನ ಪಾಲಿನ ಗಣಿತ. ನಾಲ್ಕು ಲೆಕ್ಕ ಜಾಸ್ತಿ ಮಾಡಿಸಿದ್ದರೆ ಅವನು ಏನು ಮಾಡುತ್ತಿದ್ದ ಹೇಳಿ? ಇನ್ನೂ ನಾಲ್ಕು ಚುಕ್ಕಿ ಇಡುತ್ತಿದ್ದ.

ಆ ಹಾಳೆಗಳೇ ಈಗ ಬಣ್ಣ ಬಳಿದುಕೊಂಡು ಫೋನಿಗೆ ಬಂದಿವೆ. ನನ್ನ ಸ್ನೇಹಿತನ ಮಗಳು ಎಂಟನೇ ತರಗತಿ. ಗಣಿತದ ಆ್ಯಪ್ ಒಂದರಲ್ಲಿ ತನಗೆ ಬಂದ ಪದಕಗಳನ್ನೆಲ್ಲ ತೋರಿಸಿದಳು. ‘ಹೇಗೆ ಮಾಡ್ತೀಯಮ್ಮ?’ ಅಂದೆ. ‘ನಾಲ್ಕು ಉತ್ತರ ಇರುತ್ತೆ ಅಂಕಲ್. ಒಂದನ್ನು ಒತ್ತಬೇಕು. ಕೆಂಪು ಬಂದರೆ ಇನ್ನೊಂದು.’ ಪ್ರಶ್ನೆಯನ್ನು ಓದುವುದೇ ಇಲ್ಲ! ಜಾಣೆ. ಆ ಆ್ಯಪ್ ಮಾಡಿದವರ ತಲೆ ಹೇಗೆ ಓಡುತ್ತದೆ ಅನ್ನುವುದನ್ನು ಅವಳು ಪೂರ್ತಿ ಬಿಡಿಸಿಬಿಟ್ಟಿದ್ದಳು. ಒಗಟೇನೋ ಒಳ್ಳೆಯದೇ, ಆದರೆ ಅವರಪ್ಪ ದುಡ್ಡು ಕೊಟ್ಟದ್ದು ಅದಕ್ಕಲ್ಲ.

ಹಾಗಾಗಿ ‘ಕಂಪ್ಯೂಟರ್ ಬೇಕೇ ಬೇಡವೇ’ ಅಂತ ಕೇಳಿದರೆ ನನಗೆ ಉತ್ತರ ಹೇಳಲು ಬರುವುದಿಲ್ಲ. ಮಗು ತಪ್ಪು ಮಾಡಿದಾಗ ಅದು ಏನು ಮಾಡುತ್ತದೆ ಅಂತ ಕೇಳಿ, ಆಗ ಹೇಳುತ್ತೇನೆ. ಕೆಲವು ಸಾಫ್ಟ್‌ವೇರ್ ತೀರ್ಪು ಕೊಡುತ್ತವೆ: ಸರಿ, ತಪ್ಪು, ಪದಕ, ಕೆಂಪು ಗೆರೆ. ಇನ್ನು ಕೆಲವು ಏನೂ ಹೇಳುವುದಿಲ್ಲ, ನೀನು ಹೇಳಿದ್ದನ್ನು ಮಾಡಿ ತೋರಿಸುತ್ತವೆ ಅಷ್ಟೇ.

1967ರಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫೊಯರ್‌ಜೈಗ್, ಸಿಂಥಿಯಾ ಸಾಲಮನ್ ಮೊದಲಾದವರು ಸೇರಿ ಮಕ್ಕಳಿಗಾಗಿ ಲೋಗೊ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಆಮೇಲೆ ಅದಕ್ಕೆ ಒಂದು ಆಮೆ ಸೇರಿಕೊಂಡಿತು. ‘ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು’ ಅಂದರೆ ಆಮೆ ಗೆರೆ ಎಳೆಯುತ್ತಾ ಹೋಗುತ್ತದೆ. ಸಮಬಾಹು ತ್ರಿಭುಜ ಬರೆಸು ಅಂದರೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಮೊದಲು 60 ಡಿಗ್ರಿ ತಿರುಗಿಸುತ್ತಾರೆ. ತ್ರಿಭುಜದ ಕೋನ 60 ಅಂತ ಪಾಠದಲ್ಲಿ ಬಂದಿದೆಯಲ್ಲ! ಆಮೆ ಮೂರು ಗೆರೆ ಎಳೆಯುತ್ತದೆ, ಹೊರಟ ಜಾಗಕ್ಕೆ ಮಾತ್ರ ವಾಪಸ್ ಬರುವುದಿಲ್ಲ. ಪರದೆಯ ಮೇಲೆ ಅರ್ಧ ಷಡ್ಭುಜ ಬಾಯಿ ತೆರೆದುಕೊಂಡು ಕೂತಿರುತ್ತದೆ. ಯಾರೂ ತಪ್ಪು ಅನ್ನಲಿಲ್ಲ, ಗಂಟೆ ಬಾರಿಸಲಿಲ್ಲ. ಮಗು ಎದ್ದು ನಿಂತು ತಾನೇ ಆಮೆಯಾಗಿ ಎರಡು ಹೆಜ್ಜೆ ನಡೆದು ತಿರುಗಿ ನೋಡುತ್ತದೆ. ಆಗ ಗೊತ್ತಾಗುತ್ತದೆ, ತಿರುಗುವುದು ಒಳಗಿನ ಕೋನ ಅಲ್ಲ, ಹೊರಗಿನದು. 120. ಮೂರು ಸಲ ತಿರುಗಿದರೆ 360, ಒಂದು ಪೂರ್ತಿ ಸುತ್ತು. ಬಾಹ್ಯಕೋನಗಳ ಮೊತ್ತ 360 ಅನ್ನುವುದನ್ನು ನಾನು ಉರು ಹೊಡೆದಿದ್ದೆ. ಈ ಮಗು ಅದನ್ನು ಕಾಲಲ್ಲಿ ಕಲಿಯಿತು.

ಈಗ ನಿಮ್ಮ ಖಾಲಿ ಹಾಳೆಗೆ ಬರೋಣ. ನೀವು ತೋರಿಸಿದ್ದು ಬಹುಶಃ ಜಿಯೋಜೀಬ್ರಾ ಇರಬೇಕು, ಪರದೆಯ ಮೇಲೆ ಆಕೃತಿ ಬರೆದು ಎಳೆದಾಡುವ ಸಾಫ್ಟ್‌ವೇರ್. ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ತಮ್ಮ ಪ್ರಬಂಧಕ್ಕೆಂದು ಶುರು ಮಾಡಿದ್ದು. ಇವತ್ತು ಯಾವ ಶಾಲೆ ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಅದರಲ್ಲಿ ಯಾವುದಾದರೂ ಒಂದು ಸೊಟ್ಟ ಚತುರ್ಭುಜ ಬರೆಸಿ. ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸಾಲಾಗಿ ಸೇರಿಸಿ. ಒಳಗೆ ಬರುವುದು ಸಮಾಂತರ ಚತುರ್ಭುಜ. ಹೊರಗಿನದರ ಒಂದು ಮೂಲೆ ಹಿಡಿದು ಎಲ್ಲಿಗೆ ಬೇಕಾದರೂ ಎಳೆಯಿರಿ, ಚತುರ್ಭುಜ ಒಳಕ್ಕೆ ಕುಸಿದು ಬಾಣದ ತುದಿಯಂತಾದರೂ ಒಳಗಿನದು ಸಮಾಂತರ ಚತುರ್ಭುಜವಾಗಿಯೇ ಇರುತ್ತದೆ. ಇದು ಫ್ರಾನ್ಸಿನ ಗಣಿತಜ್ಞ ಪಿಯೆರ್ ವಾರಿನ್ಯೋನ್ ಅವರ ಪ್ರಮೇಯ. ಅಚ್ಚಾದದ್ದು 1731ರಲ್ಲಿ, ಪಾಪ, ಅವರು ತೀರಿಕೊಂಡ ಮೇಲೆ.

ಇಲ್ಲಿಯವರೆಗೆ ಖುಷಿ. ಆಮೇಲೆ ನೀವು ‘ಸಾಧಿಸಿ’ ಅಂದಿರಿ. ಮಕ್ಕಳ ಜಾಗದಲ್ಲಿ ನಿಂತು ನೋಡಿ ಮೇಡಂ. ನೂರು ಸಲ ಎಳೆದು ಕಣ್ಣಾರೆ ಕಂಡಿದ್ದಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನಿಸುವುದಿಲ್ಲವೇ? ನಮ್ಮಲ್ಲೇ ಇನ್ನೊಂದು ಗಾದೆಯೂ ಇದೆ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಮಕ್ಕಳು ಮೊದಲನೇ ಗಾದೆಯವರು, ಗಣಿತ ಎರಡನೆಯದು. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕೆಲಸವನ್ನು ಪರದೆ ಮಾಡುವುದಿಲ್ಲ, ಅದು ನಿಮ್ಮದೇ. ‘ಸಾಧಿಸಿ’ ಅನ್ನುವ ಬದಲು ‘ಇದೇನು ವಿಚಿತ್ರ, ಯಾಕೆ ಹೀಗೆ?’ ಅಂತ ಕೇಳಿ ಸುಮ್ಮನಾಗಿ. ಪೂರ್ತಿ ಸುಮ್ಮನಾಗಿ. ಐದು ನಿಮಿಷ ಯಾರೂ ಬಾಯಿ ಬಿಡದಿದ್ದರೂ ನೀವು ಬಿಡಬೇಡಿ. ಯಾರೋ ಒಬ್ಬರು ಬೇಜಾರಿಗಾದರೂ ಮೂಲೆಯಿಂದ ಎದುರು ಮೂಲೆಗೆ ಒಂದು ಕರ್ಣ ಎಳೆಯುತ್ತಾರೆ. ಚತುರ್ಭುಜ ಎರಡು ತ್ರಿಭುಜವಾಗುತ್ತದೆ. ಎರಡರಲ್ಲೂ ಮಧ್ಯಬಿಂದು ಪ್ರಮೇಯ ಕೂತಿದೆ: ಎರಡು ಬಾಹುಗಳ ಮಧ್ಯಬಿಂದು ಸೇರಿಸಿದ ಗೆರೆ ಮೂರನೆಯ ಬಾಹುವಿಗೆ ಸಮಾಂತರ, ಅದರ ಅರ್ಧ ಉದ್ದ. ಮೂರನೆಯ ಬಾಹು ಅಂದರೆ ಇಲ್ಲಿ ಆ ಕರ್ಣವೇ. ಎದುರುಬದುರು ಎರಡು ಗೆರೆಯೂ ಅದಕ್ಕೇ ಸಮಾಂತರ, ಎರಡೂ ಅದರ ಅರ್ಧ. ಮುಗಿಯಿತು. ನಿಮ್ಮ ಪಾಠವೂ ಅಲ್ಲೇ ಆಯಿತು, ಅಲ್ವಾ?

‘ಇಬ್ಬರು ಬಿಡಿಸುತ್ತಾರೆ, ಉಳಿದವರು ಮುಖ ನೋಡುತ್ತಾರೆ’ ಅಂದಿರಿ. ಇದು ನಿಜವಾದ ತೊಂದರೆ, ನಾನೂ ಕಂಡಿದ್ದೇನೆ. ಆದರೆ ತಪ್ಪು ಒಗಟಿನ ಆಯ್ಕೆಯದು. ಹೊಳೆದರೆ ಹೊಳೆಯಿತು, ಇಲ್ಲದಿದ್ದರೆ ಇಲ್ಲ ಅನ್ನುವಂಥ ಒಗಟನ್ನು ತರಗತಿಗೆ ತರಬಾರದು. ಎಣಿಸಲು ಬರುವ ಎಲ್ಲರೂ ಕೈ ಹಾಕುವಂಥದ್ದು ಬೇಕು. ನನ್ನ ಮೆಚ್ಚಿನದೊಂದು ಹೇಳುತ್ತೇನೆ.

ವೃತ್ತದ ಮೇಲೆ ಎರಡು ಬಿಂದು ಇಡಿ, ಅವೆರಡನ್ನೂ ಸೇರಿಸುವ ನೇರ ಗೆರೆ ಎಳೆಯಿರಿ. ವೃತ್ತ 2 ತುಂಡಾಯಿತು. ಮೂರು ಬಿಂದು ಇಟ್ಟು ಎಲ್ಲವನ್ನೂ ಒಂದಕ್ಕೊಂದು ಸೇರಿಸಿದರೆ 4. ನಾಲ್ಕಕ್ಕೆ 8. ಐದಕ್ಕೆ 16. ಆರು ಬಿಂದುವಿಗೆ ಎಷ್ಟು? ನಿಮ್ಮ ಆ ಇಬ್ಬರು ಜಾಣರು ಕೈ ಎತ್ತಿ ‘32’ ಅಂತ ಕೂಗುತ್ತಾರೆ. ನೀವು ಹೂಂ ಅನ್ನಬೇಡಿ, ಉಹೂಂ ಅನ್ನಲೂ ಬೇಡಿ. ಹಿಂದಿನ ಬೆಂಚಿನಲ್ಲಿ ನಿಧಾನಕ್ಕೆ ಗೆರೆ ಎಳೆದು ಎಣಿಸುತ್ತಿದ್ದ ಹುಡುಗ 31 ಅನ್ನುತ್ತಾನೆ. ಒಂದು ಬಿಟ್ಟೆಯೇನೋ ಅಂತ ಎಲ್ಲರೂ ನಗುತ್ತಾರೆ. ಅವನು ಮತ್ತೆ ಎಣಿಸುತ್ತಾನೆ, 31. ಅಷ್ಟರಲ್ಲಿ ಕೈವಾರ ಹಿಡಿದು ಅಂದವಾಗಿ, ಸಮ ಅಂತರದಲ್ಲಿ ಬಿಂದು ಇಟ್ಟ ಹುಡುಗಿಗೆ 30 ಬಂದಿರುತ್ತದೆ. ಈಗ ತರಗತಿಯಲ್ಲಿ ಮೂರು ಪಕ್ಷ, ಜಗಳ ಶುರು.

ಈ ಹೊತ್ತಿಗೆ ಪರದೆ ತೆರೆಯಿರಿ. ಮೊದಲು ತೆರೆಯಬೇಡಿ, ಈಗ. ಸಮ ಅಂತರದ ಆರು ಬಿಂದು ಇಟ್ಟರೆ ಮೂರು ಉದ್ದ ಗೆರೆಗಳು ನಟ್ಟನಡುವೆ ಒಂದೇ ಕಡೆ ಕೂಡುತ್ತವೆ. ಒಂದು ಬಿಂದುವನ್ನು ವೃತ್ತದ ಮೇಲೆ ಒಂಚೂರು ಸರಿಸಿ. ನಡುವೆ ಒಂದು ಪುಟ್ಟ ತ್ರಿಭುಜ ಕಣ್ಣು ಬಿಡುತ್ತದೆ. 30 ಹೋಗಿ 31 ಆಯಿತು. ಮೊದಲ ಸಲ ಇದನ್ನು ನೋಡಿದಾಗ ನಾನು ಆ ಬಿಂದುವನ್ನು ಅತ್ತ ಇತ್ತ ಎಳೆಯುತ್ತಾ ಎಷ್ಟೋ ಹೊತ್ತು ಕೂತಿದ್ದೆ. ಅಂದ ಹಾಗೆ 32 ಯಾವತ್ತೂ ಬರುವುದಿಲ್ಲ. ನಾಲ್ಕೈದು ಸಂಖ್ಯೆ ನೋಡಿ ಮುಂದಿನದನ್ನು ಘೋಷಿಸುವ ನಮ್ಮೆಲ್ಲರ ಚಟಕ್ಕೆ ಇದಕ್ಕಿಂತ ಒಳ್ಳೆಯ ಏಟು ನನಗೆ ಗೊತ್ತಿಲ್ಲ. ಸಾಧನೆ ಯಾಕೆ ಬೇಕು ಅಂತ ಮಕ್ಕಳು ಆಮೇಲೆ ಕೇಳಲಿ ನೋಡೋಣ.

ಇನ್ನು ಆಟ ಬೇರೆ, ಪಾಠ ಬೇರೆ ಅನ್ನುವ ಮಾತು. ನನಗೆ ಸಿಟ್ಟು ಬಂದದ್ದು ಇಲ್ಲಿ. 1150ರ ಸುಮಾರಿಗೆ ಭಾಸ್ಕರಾಚಾರ್ಯರು ಬರೆದ ಲೀಲಾವತಿ ಪಾಠದ ಪುಸ್ತಕವೇ ತಾನೇ? ಅದರಲ್ಲಿ 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟುತ್ತದೆ. ಎಷ್ಟು ಎತ್ತರದಲ್ಲಿ ಮುರಿಯಿತು? ಒಂಬತ್ತು ಮೊಳದ ಕಂಬದ ಮೇಲೊಂದು ನವಿಲು, 27 ಮೊಳ ದೂರದಿಂದ ಕಂಬದ ಬುಡದ ಬಿಲಕ್ಕೆ ಹರಿದು ಬರುವ ಹಾವು. ನವಿಲು ಎರಗುತ್ತದೆ, ಇಬ್ಬರೂ ಕ್ರಮಿಸಿದ್ದು ಒಂದೇ ದೂರ. ಬಿಲದಿಂದ ಎಷ್ಟು ದೂರದಲ್ಲಿ ಸಿಕ್ಕಿಬಿತ್ತು? ಎರಡಕ್ಕೂ ಉತ್ತರ 12 ಮೊಳ. ಎರಡರಲ್ಲೂ ಲಂಬಕೋನ ತ್ರಿಭುಜ ಇದೆ ಅಂತ ಮಾತ್ರ ಲೆಕ್ಕದ ಪದ್ಯದಲ್ಲಿ ಇಲ್ಲ, ಬಿದಿರಿನಲ್ಲೂ ನವಿಲಿನಲ್ಲೂ ಅದನ್ನು ಓದುವವನೇ ಕಾಣಬೇಕು. ನಾವು ಬಿದಿರನ್ನೂ ನವಿಲನ್ನೂ ಕಿತ್ತು ಬಿಸಾಕಿದೆವು. ತ್ರಿಭುಜವನ್ನು ಬರೆದೇ ಕೊಟ್ಟೆವು. ಈಗ ಮಕ್ಕಳಿಗೆ ಗಣಿತದಲ್ಲಿ ಆಸಕ್ತಿ ಇಲ್ಲ ಅಂತ ಗೋಳಾಡುತ್ತೇವೆ.

ಆಟ ಅಂದರೆ ಸುಲಭ ಅಂತ ನಿಮಗೆ ಹೇಳಿದವರು ಯಾರು? ಫೋನಿನ ಆಟದಲ್ಲಿ ಒಂದೇ ಹಂತದಲ್ಲಿ ಮೂವತ್ತು ಸಲ ಸೋಲುವ ಹುಡುಗ ಮೂವತ್ತೊಂದನೇ ಸಲಕ್ಕೆ ತಯಾರಿರುತ್ತಾನೆ. ಅದೇ ಹುಡುಗ ಬೀಜಗಣಿತದ ಒಂದು ಲೆಕ್ಕ ಬಾರದಿದ್ದರೆ ಪುಸ್ತಕ ಮುಚ್ಚುತ್ತಾನೆ. ಸೋಲುವುದಕ್ಕೆ ಅವನಿಗೆ ಬರುತ್ತದೆ. ಗಣಿತದಲ್ಲಿ ಸೋಲಲು ನಾವು ಬಿಟ್ಟಿಲ್ಲ. ಎರಡು ನಿಮಿಷ ತಡವಾದರೆ ನೀವು ಹೇಳಿಕೊಡುತ್ತೀರಿ, ಮನೆಯಲ್ಲಿ ಅಪ್ಪ ಅಮ್ಮ ಹೇಳಿಕೊಡುತ್ತಾರೆ, ಆ್ಯಪ್‌ನಲ್ಲಿ ಹಿಂಟ್ ಗುಂಡಿ ಮಿಣಮಿಣ ಅನ್ನುತ್ತಿರುತ್ತದೆ.

ಬರೀ ನಿಮ್ಮನ್ನು ಅಂದು ಏನು ಪ್ರಯೋಜನ. ನಮ್ಮ ಪತ್ರಿಕೆಯ ಕಥೆಯೂ ಇದೇ. ಒಗಟಿನ ಅಂಕಣದ ಉತ್ತರಗಳನ್ನು ಅದೇ ಪುಟದ ಅಡಿಯಲ್ಲಿ ತಲೆಕೆಳಗಾಗಿ ಅಚ್ಚು ಹಾಕುತ್ತಿದ್ದೆವು. ಒಂದು ಸಲ ಧೈರ್ಯ ಮಾಡಿ, ಉತ್ತರ ಮುಂದಿನ ಸಂಚಿಕೆಯಲ್ಲಿ ಅಂದೆ. ಬಂದ ಪತ್ರಗಳನ್ನು ನೀವು ನೋಡಬೇಕಿತ್ತು! ‘ದುಡ್ಡು ಕೊಟ್ಟು ಕೊಂಡ ಪತ್ರಿಕೆಯಲ್ಲಿ ಉತ್ತರ ಇಲ್ಲ’ ಅಂತ ಒಬ್ಬರು. ನಿದ್ದೆಗೆಟ್ಟೆ ಅಂತ ಇನ್ನೊಬ್ಬರು. ಅವರ ನಿದ್ದೆಗೆಡಿಸಿದ್ದೇ ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸ ಅಂದುಕೊಂಡಿದ್ದೆ. ಆದರೆ ಮೂರು ಸಂಚಿಕೆ ಕಳೆಯುವಷ್ಟರಲ್ಲಿ ಸೋತೆ, ಉತ್ತರ ಮತ್ತೆ ಪುಟದ ಅಡಿಗೆ ಬಂತು. ಮಕ್ಕಳಿಗೆ ತಾಳ್ಮೆ ಇಲ್ಲ ಅನ್ನುವವರೆಲ್ಲ ಸೇರಿ ನನ್ನನ್ನು ಸೋಲಿಸಿದರು.

ಪಾಠ ಮುಗಿಸುವ ಚಿಂತೆ ನಿಮಗಿದೆ, ಅದನ್ನು ತಮಾಷೆ ಮಾಡುವಷ್ಟು ಕಲ್ಲೆದೆ ನನಗಿಲ್ಲ. ವಾರಕ್ಕೆ ಒಂದೇ ಪೀರಿಯಡ್ ಸಾಕು. ಆರು ಬಿಂದುವಿನಿಂದ ಶುರು ಮಾಡಿ. ಈ ಸಂಚಿಕೆಯನ್ನು ಅಲ್ಲಿಯವರೆಗೆ ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಯಾಕೆಂದರೆ 31 ಅಂತ ನಾನೇ ಬರೆದುಬಿಟ್ಟಿದ್ದೇನೆ. ಮಕ್ಕಳು ಏನೇನು ಜಗಳ ಮಾಡಿದರು ಅಂತ ನನಗೆ ಬರೆಯಿರಿ. ಏಳು ಬಿಂದುವಿಗೆ ಎಷ್ಟು ತುಂಡು ಅಂತ ಅವರು ಕೇಳಿಯೇ ಕೇಳುತ್ತಾರೆ. ಉತ್ತರ ಈ ಸಂಚಿಕೆಯಲ್ಲಿಲ್ಲ, ಮುಂದಿನದರಲ್ಲೂ ಇರುವುದಿಲ್ಲ. ಪುಟವನ್ನು ತಲೆಕೆಳಗು ಮಾಡಿ ನೋಡಬೇಡಿ.